ಟೊಮೇಟೊ ಪಾತಿಯ ನಳಿಗೆಗಳು

"ಬಿಚ್ಚಿ ಬಿಸಾಕು ಇದನ್ನ," ಎನ್ನುತ್ತ ಹಾಲ್ವರ್ ತನ್ನ ರೈಫಲನ್ನು ಕ್ಲೀಟಸನ ಕೆಲಸದ ಮೇಜಿನ ಮೇಲೆ ಮಲಗಿಸಿದ. "ನಳಿಗೆ ಸತ್ತೋಗಿದೆ. ಹೊಸದು ಹಾಕು. ಎಲ್ಲಿ ಗುರಿಯಿಟ್ರೆ ಅಲ್ಲಿಗೇ ಹೋಗ್ಬೇಕು ಗುಂಡು, ಅಂಥದ್ದು."

ಕ್ಲೀಟಸ್ ಕೈಗೆ ಮೆತ್ತಿದ್ದ ಎಣ್ಣೆಯನ್ನು ಚಿಂದಿಗೆ ಒರೆಸಿಕೊಂಡ. ಮೊಂಟಾನಾದ ಆ ಮೂಲೆಯಲ್ಲಿ ಕೋವಿ ರಿಪೇರಿ ಮಾಡುವವನು ಅವನೊಬ್ಬನೇ. ಹಾಲ್ವರನ ರೈಫಲಿನ ಒಂದೊಂದು ತಿರುಪೂ ಅವನಿಗೆ ಗೊತ್ತು. ಒಂದು ಗುಂಡು ಹಾರುತ್ತಲೇ ಮುಂದಿನದನ್ನು ತಾನೇ ಏರಿಸಿಕೊಳ್ಳುವ ಜಾತಿಯದು ಅದು. ಪಂದ್ಯಕ್ಕೆಂದೇ ಇಟ್ಟುಕೊಂಡದ್ದು.

"ಏನೋ ಮುದುಕ, ಈ ನಳಿಗೆ ಹಾಕಿ ಇನ್ನೂ ಎರಡು ವರ್ಷ ಆಗಿಲ್ಲ."

"ಸವೆದಿದೆ ಅಂತ ಹೇಳ್ತಿಲ್ವಾ? ಮೊನ್ನೆ ಪಂದ್ಯದಲ್ಲಿ ಏನಾಯ್ತು ಅಂತ ಊರಿಗೆಲ್ಲ ಗೊತ್ತು, ನಿಂಗೊಬ್ಬನಿಗೆ ಗೊತ್ತಿಲ್ವಾ?"

ಕ್ಲೀಟಸನಿಗೂ ಗೊತ್ತಿತ್ತು. ಕ್ಲಬ್ಬಿನ ಜೋಡಿ ಪಂದ್ಯದಲ್ಲಿ ಒಬ್ಬರು ಬೋರಲು ಮಲಗಿ ಹೊಡೆಯಬೇಕು, ಇನ್ನೊಬ್ಬರು ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ದೂರದರ್ಶಕಕ್ಕೆ ಕಣ್ಣಿಟ್ಟು, ಗಾಳಿ ಗುಂಡನ್ನು ಎಷ್ಟು ಪಕ್ಕಕ್ಕೆ ತಳ್ಳುತ್ತದೆ ಎಂದು ನೋಡಿ ಹೇಳಬೇಕು. ಮೂವತ್ತು ವರ್ಷ ಹಾಲ್ವರ್ ಮಲಗಿ ಹೊಡೆದಿದ್ದ, ಅವನ ಹೆಂಡತಿ ಆರ್ಡಿಸ್ ಹಿಂದೆ ಕೂತಿದ್ದಳು. ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಬೇರೆ ಯಾರನ್ನಾದರೂ ಕೂರಿಸಿಕೋ ಎಂದು ಕ್ಲಬ್ಬಿನವರು ಎಷ್ಟು ಹೇಳಿದರೂ ಕೇಳದೆ ಮೇ ತಿಂಗಳಲ್ಲಿ ಇವನು ಒಬ್ಬನೇ ಮಲಗಿದ. ಆರುನೂರು ಗಜದ ಗುರಿಹಲಗೆಯಲ್ಲಿ ಗುಂಡುಗಳು ಅಂಚಿನ ಬಿಳಿಯಲ್ಲೆಲ್ಲ ಚೆಲ್ಲಾಡಿಹೋದವು. ಕೊನೆಯ ಸ್ಥಾನ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ತಟ್ಟೆಯಲ್ಲಿ ಒಂದು ತುಂಡು ಸೇಬಿನ ಪೈ ಹಾಕಿಕೊಟ್ಟು, ಹೆಗಲು ತಟ್ಟಿ, ಬೇರೆ ಮಾತು ಎತ್ತಿದರು.

ಜೂನ್ ಪಂದ್ಯದಲ್ಲೂ ಹೀಗೇ ಆದರೆ ಮತ್ತೆ ಅಲ್ಲಿಗೆ ಕಾಲಿಡುವುದಿಲ್ಲ ಎಂದು ಹಾಲ್ವರ್ ತೀರ್ಮಾನಿಸಿಬಿಟ್ಟಿದ್ದ. ಹಾಗಾದರೆ ಇನ್ನೆಲ್ಲಿಗೆ ಹೋಗುವುದು? ಆ ಮೈದಾನ ಬಿಟ್ಟರೆ ಅವನ ಹೆಸರು ಹಿಡಿದು ಕೂಗುವ ಜನ ಇನ್ನೆಲ್ಲೂ ಇರಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದದ್ದು ರೇಡಿಯೊ ಒಂದೇ, ಅದೂ ಗೋಧಿಯ ಧಾರಣೆ ಹೇಳಲಿಕ್ಕೆ.

ಕ್ಲೀಟಸ್ ಗೋಡೆಯ ಗೂಟಗಳಿಂದ ಮೂರು ನಳಿಗೆ ಇಳಿಸಿ ಮೇಜಿನ ಮೇಲಿಟ್ಟ. ಹಾಲ್ವರ್ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಒಳಗಿನ ಸುರುಳಿ ಗೆರೆಗಳನ್ನು ನೋಡಿದ. ಹಗುರವಾದದ್ದನ್ನು ಮೊದಲೇ ಪಕ್ಕಕ್ಕಿಟ್ಟ, ನಾಲ್ಕು ಸಲ ಹಾರಿಸುವಷ್ಟರಲ್ಲಿ ಬಿಸಿಯೇರಿ ಗುಂಡಿನ ದಾರಿ ತಪ್ಪಿಸುತ್ತದೆ. ಎರಡನೆಯದರ ಸುರುಳಿ ಸಡಿಲ. ಅವನು ಹಾರಿಸುವ ಉದ್ದನೆಯ ಗುಂಡು ಅದರಲ್ಲಿ ಸಾಕಷ್ಟು ತಿರುಗದೆ ತೊನೆದಾಡಬಹುದು. ಮೂರನೆಯದು ದಪ್ಪನೆಯ ಸ್ಟೇನ್‌ಲೆಸ್ ಉಕ್ಕು, ಬಿಗಿ ಸುರುಳಿ. ಅದನ್ನು ಕೆಳಗಿಡಲು ಅವನಿಗೆ ಮನಸ್ಸೇ ಬರಲಿಲ್ಲ.

"ಇದು," ಎಂದ. ಎಷ್ಟೋ ದಿನದ ಮೇಲೆ ಮುಖ ಅರಳಿತ್ತು. "ಇದು ಹಾಕು. ಜೂನ್‌ನಲ್ಲಿ ತೋರಿಸ್ತೀನಿ ಅವರಿಗೆ."

"ಹಾಕೋಣ. ಹಳೇದನ್ನ ಒಂದ್ಸಲ ಹಾರಿಸಿ ನೋಡ್ದೆ ನಾನು ಬಿಚ್ಚಲ್ಲ, ನಿಂಗೇ ಗೊತ್ತಲ್ಲ. ಬಾ ಹಿತ್ತಲಿಗೆ."

ಹಿತ್ತಲಲ್ಲಿ ಚರಂಡಿಯ ದೊಡ್ಡ ಸಿಮೆಂಟ್ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮೇಲೆ ಮಣ್ಣು ಮುಚ್ಚಿದ ಸುರಂಗವಿತ್ತು. ಅದರಾಚೆಯ ಮಣ್ಣಿನ ದಿಬ್ಬಕ್ಕೆ ಒರಗಿಸಿ ಗುರಿಹಾಳೆ. ಹಾಲ್ವರ್ ಚಾಪೆಯ ಮೇಲೆ ಮಲಗಿ, ರೈಫಲಿನ ಪಟ್ಟಿಯನ್ನು ತೋಳಿಗೆ ಬಿಗಿದುಕೊಂಡು, ಉಸಿರು ಹಿಡಿದು ಸುರಂಗದ ಮೂಲಕ ಐದು ಗುಂಡು ಹೊಡೆದ. ಕ್ಲೀಟಸ್ ನಡೆದುಹೋಗಿ ಹಾಳೆ ಕಿತ್ತು ತಂದ. ಜೇಬಿನಿಂದ ಒಂದು ನಾಣ್ಯ ತೆಗೆದು ತೂತುಗಳ ಮೇಲೆ ಇಟ್ಟ. ಐದೂ ಅದರಡಿ ಮುಚ್ಚಿಹೋದವು.

ಹಾಲ್ವರ್ ನಾಣ್ಯ ಎತ್ತಿ ನೋಡಿದ. ಮತ್ತೆ ಇಟ್ಟ.

"ನಳಿಗೆ ಚೆನ್ನಾಗಿದೆ," ಎಂದ ಕ್ಲೀಟಸ್. "ನಿನ್ನ ಕಣ್ಣೂ ಚೆನ್ನಾಗಿದೆ, ಕೈಯೂ ಚೆನ್ನಾಗಿದೆ."

"ಮತ್ತೆ ಅಲ್ಲಿ ಯಾಕೆ ಹಾಗೆ?"

"ಈ ಕೊಳವೆ ಒಳಗೆ ಗಾಳಿ ಇಲ್ಲ ಮಾರಾಯ."

ಹಾಲ್ವರನಿಗೆ ಸಿಟ್ಟು ನೆತ್ತಿಗೇರಿತು. "ಮಾರೋಕೆ ಇಷ್ಟ ಇಲ್ದಿದ್ರೆ ನೆಟ್ಟಗೆ ಹೇಳು. ಈ ನಾಟಕ ಎಲ್ಲ ಬೇಡ."

"ಬೇಕಾದ್ರೆ ಇವತ್ತೇ ಹಾಕ್ಕೊಡ್ತೀನಿ. ಹಾಕಿದ ಮೇಲೂ ಅಲ್ಲಿ ಬಿಳೀಲೇ ಬೀಳುತ್ತೆ." ಕ್ಲೀಟಸ್ ಕಾಲಲ್ಲಿ ಮಣ್ಣು ಕೆದಕಿದ. "ಜೂನ್‌ಗೆ ನಾನು ಬಂದು ಹಿಂದೆ ಕೂರ್ಲಾ?"

"ನೀನಾ? ನಿನ್ನ ಟೋಪಿ ಹಾರಿಹೋದ್ರೂ ಗಾಳಿ ಬಂತು ಅಂತ ನಿಂಗೆ ಗೊತ್ತಾಗಲ್ಲ."

ಇಬ್ಬರೂ ನಕ್ಕರು. ಹಾಲ್ವರನ ನಗು ಅರ್ಧಕ್ಕೇ ನಿಂತಿತು. ಬೆನ್ನ ಹಿಂದಿನಿಂದ ಬರುತ್ತಿದ್ದ ಆರ್ಡಿಸಳ ಆ ಬೇಸರದ ದನಿ ನೆನಪಾಯಿತು, ತರಕಾರಿ ಅಂಗಡಿಯಲ್ಲಿ ತೂಕ ಹೇಳುವ ಹಾಗೆ: ಎಡಕ್ಕೆ ಎರಡು. ತಡಿ. ಈಗ ಹೊಡಿ. ಅವನು ಗುರಿ ಸರಿಸುವ ತಿರುಪನ್ನು ಅಷ್ಟು ತಿರುಗಿಸಿ ಹೊಡೆಯುತ್ತಿದ್ದ, ಜನ ಅವನ ಕೈ ಕುಲುಕುತ್ತಿದ್ದರು. ಅವಳು ಅಷ್ಟರಲ್ಲಿ ಕುರ್ಚಿ ಮಡಚಿ ಕಾಫಿ ಹುಡುಕಿಕೊಂಡು ಹೋಗಿರುತ್ತಿದ್ದಳು. ನೀನು ಏನು ನೋಡಿ ಹೇಳ್ತೀಯ ಅಂತ ಅವನು ಅವಳನ್ನು ಒಂದು ದಿನವೂ ಕೇಳಿರಲಿಲ್ಲ.

ದಪ್ಪ ನಳಿಗೆಯನ್ನು ತಾನೇ ಗೂಟಕ್ಕೆ ಸೇರಿಸಿ, ರೈಫಲನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟ. ಕ್ಲೀಟಸ್ ಬಾಗಿಲ ತನಕ ಬಂದ. "ಭಾನುವಾರ ಊಟಕ್ಕೆ ಬಾರೋ," ಎಂದ. "ನೋಡ್ತೀನಿ," ಎಂದ ಹಾಲ್ವರ್, ಬರುವುದಿಲ್ಲ ಎನ್ನುವ ದನಿಯಲ್ಲಿ.

ಮನೆ ಸೇರಿದಾಗ ಬಿಸಿಲು ಇನ್ನೂ ಇತ್ತು. ಒಳಗೆ ಹೋಗಲು ಮನಸ್ಸಾಗದೆ ಹಿತ್ತಲ ಮೆಟ್ಟಿಲ ಮೇಲೆ ಕೂತ. ಎದುರಿಗೆ ಆರ್ಡಿಸಳ ಟೊಮೇಟೊ ಪಾತಿ. ಸವೆದ ನಳಿಗೆಗಳನ್ನು ಟೊಮೇಟೊ ಗಿಡಕ್ಕೆ ಊರುಗೋಲಾಗಿ ನೆಡುವುದು ಇಲ್ಲಿನ ಕೋವಿಯವರ ಮನೆಗಳಲ್ಲೆಲ್ಲ ಇದ್ದದ್ದೇ. ಅವನು ಸವೆಸಿದ್ದೆಲ್ಲವನ್ನೂ ಅವಳು ಸುತ್ತಿಗೆಯಿಂದ ಹೊಡೆದು ಸಾಲಾಗಿ ನಿಲ್ಲಿಸಿದ್ದಳು. ಈ ವರ್ಷ ಸಸಿ ನೆಟ್ಟವರಿಲ್ಲ. ತುಕ್ಕು ಹಿಡಿದ ನಳಿಗೆಗಳು ಬರಿದೇ ನಿಂತಿದ್ದವು. ಹೋದ ವರ್ಷ ಗಿಡ ಕಟ್ಟಲು ಅವಳು ತನ್ನ ಹಳೆಯ ನೀಲಿ ಅಂಗಿ ಹರಿದು ಬಿಗಿದಿದ್ದ ಪಟ್ಟಿಗಳು ಮಾತ್ರ ಇನ್ನೂ ಉಳಿದಿದ್ದವು.

ಗಾಳಿ ಎದ್ದಿತು. ಪಟ್ಟಿಗಳು ಬಲಕ್ಕೆ ಚಾಚಿದವು. ಹಾಲ್ವರ್ ಮೊಣಕಾಲ ಮೇಲೆ ಮೊಣಕೈಯೂರಿ, ಕಣ್ಣು ಕಿರಿದು ಮಾಡಿ ನೋಡಿದ.

"ಎಡಕ್ಕೆ ಮೂರು," ಎಂದ ಗಟ್ಟಿಯಾಗಿ.

ಉತ್ತರಕ್ಕೆಂಬಂತೆ ಸ್ವಲ್ಪ ಕಾದ. ಬೇಲಿಯ ಹತ್ತಿರದ ಪಟ್ಟಿ ಉಳಿದವಕ್ಕಿಂತ ಮೊದಲೇ ಜೋತುಬಿದ್ದದ್ದು ಕಣ್ಣಿಗೆ ಬಿತ್ತು.

"ಅಲ್ಲ, ಎರಡು," ಎಂದ. "ತಡಿ."

ಅವನು ಕಾಯುತ್ತ ಕೂತ. ನೀಲಿ ಪಟ್ಟಿಗಳು ಒಂದೊಂದಾಗಿ ಇಳಿದು, ತುಕ್ಕಿನ ಕಬ್ಬಿಣಕ್ಕೆ ತಾಗಿಕೊಂಡು, ಮತ್ತೆ ನಿಧಾನಕ್ಕೆ ಎದ್ದವು.