ಎಲ್ಲಾ ಅರ್ಜೆಂಟ್

"ಏಳನೇತ್ತಕ್ಕ ಸಾಲಿ ಬಿಟ್ಟಾಂವಗ ಮಷೀನ್ ಓಡಿಸೂದು ಬರಂಗಿಲ್ಲ. ನಿಲ್ಲಿಸೂದು ಮಾತ್ರ ಭಾಳ ಚಂದ ಬರ್ತೈತಿ, ಅದೂ ಚಹಾದ ಹೊತ್ತಿಗೆ."

ಸನತ್‌ನಗರದ ಡಬ್ಬಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಭೀಮಾಶಂಕರ ಹೀಗೆ ಅಂದಾಗ ಎಲ್ಲರೂ ನಕ್ಕರು. ಇನ್ನೊಮ್ಮೆ ಡಬ್ಬಿ ಒತ್ತುವ ಪ್ರೆಸ್ ನಿಂತರೆ ಪ್ಯಾಕಿಂಗಿಗೆ ಹಾಕುತ್ತೇನೆಂದೂ ಸೇರಿಸಿದ. ಪ್ರೆಸ್ ನಡೆಸುವ ಕಲ್ಲೇಶನ ಮೈಯೆಲ್ಲ ಉರಿಯಿತು. ಅವನೆಲ್ಲಿ ನಿಲ್ಲಿಸುತ್ತಿದ್ದ, ಅದು ತಾನಾಗೇ ನಿಲ್ಲುತ್ತಿತ್ತು. ಅಚ್ಚಿನ ಕೆಳಗೆ ಕೈ ಇಲ್ಲವೆಂದು ಖಾತ್ರಿ ಮಾಡಲು ಮೇಲೊಂದು ಕ್ಯಾಮೆರಾ; ಖಾತ್ರಿ ಬರುವುದು ತಡವಾದರೆ ಪ್ರೆಸ್ ಬಂದ್. ಸರಿ, ಆದರೆ ಚಹಾದ ಹೊತ್ತಿಗೇ ಯಾಕೆ ತಡ? ಬೈಗುಳಕ್ಕಿಂತ ಈ ಪ್ರಶ್ನೆ ಅವನನ್ನು ಹೆಚ್ಚು ಕೊರೆಯಿತು.

ಕ್ಯಾಮೆರಾದ ಚಿತ್ರ ಹೋಗುವುದು ಗೋಡೆಯಾಚೆಯ ಮೊಬೈಲ್ ಟವರಿಗೆ. ಅದರ ಬುಡದ ಪೆಟ್ಟಿಗೆ ನೋಡಲು ಬಂದ ಇಂಜಿನಿಯರಮ್ಮನನ್ನು ಅವನು ಊರ ಭಾಷೆಯಾದ ತೆಲುಗಿನಲ್ಲಿ ಇದನ್ನೇ ಕೇಳುವಾಗ ಬಾಯಿಂದ ಕನ್ನಡದ ಒಂದು 'ಭಾಳ' ಜಾರಿತು. ಆಕೆ ನಕ್ಕು ಕನ್ನಡಕ್ಕೆ ತಿರುಗಿದಳು. ಹೆಸರು ವಿಜಯಶ್ರೀ, ರಾಯಚೂರಿನ ಕಡೆಯವಳು.

ಪೆಟ್ಟಿಗೆಯೊಳಗೊಂದು ಪುಟ್ಟ ಕಂಪ್ಯೂಟರ್ ಇದೆಯೆಂದಳು. ಹತ್ತಿರ ಇರುವುದರಿಂದ ಉತ್ತರ ಬೇಗ. ಪುಟ್ಟದಾದ್ದರಿಂದ ಎಲ್ಲರಿಗೂ ಸಾಲದು. ಅದಕ್ಕೇ ಅರ್ಜೆಂಟ್ ಕೆಲಸ ಇಲ್ಲಿ, ತಡವಾದರೂ ನಡೆಯುವಂಥದ್ದು ದೂರದ ದೊಡ್ಡ ಕಂಪ್ಯೂಟರಿಗೆ. ಅವಳ ಪರದೆಯ ಮೇಲೆ ಕಾರ್ಖಾನೆಯ ಕ್ಯಾಮೆರಾಗಳೆಲ್ಲ ಕಂಡವು. ಗೇಟಿನಲ್ಲಿ ಮುಖ ಗುರುತಿಸುವ ಕ್ಯಾಮೆರಾ ಸಮೇತ ಎಲ್ಲದರ ಮುಂದೂ 'ಅರ್ಜೆಂಟ್'.

"ಅಂದ್ರ ಚಹಾಕ್ಕ ಎಲ್ಲಾರೂ ಗೇಟಿಗೆ ಹೊಂಟಾಗ..."

"ಅವರ ಮುಖಗೋಳ ಹಿಂದ ನಿಮ್ಮ ಪ್ರೆಸ್ ಪಾಳಿ ಹಚ್ಚಿ ನಿಂದರತೈತಿ," ಅಂದಳು ವಿಜಯಶ್ರೀ. "ನಿಮ್ಮ ಸೂಪರ್‌ವೈಸರೇ 'ಸಬ್ ಅರ್ಜೆಂಟ್ ಹೈ' ಅಂದಿದ್ರಲ್ರಿ."

ಕಲ್ಲೇಶನಿಗೆ ನಗು ಬಂತು. ಅವನು ಚಹಾ ಕುಡಿಯುವ ಇರಾನಿ ಹೋಟೆಲಿನಲ್ಲೂ ಹೀಗೇ. ಪ್ರತಿ ಟೇಬಲ್ಲಿನವರೂ ಅರ್ಜೆಂಟ್ ಅಂತ ಕೂಗುತ್ತಾರೆ, ಚಹಾದವನು ತನ್ನ ಪಾಡಿಗೆ ಸಾಲಾಗಿ ಸುರಿಯುತ್ತಾನೆ.

ಆಕೆ ಅಲ್ಲಿಂದಲೇ ಭೀಮಾಶಂಕರನಿಗೆ ಫೋನ್ ಹಚ್ಚಿ, ಒಂದೇ ಒಂದು ಅರ್ಜೆಂಟ್ ಉಳಿಸುವುದಾದರೆ ಯಾವುದೆಂದು ಕೇಳಿದಳು. ಪ್ರೊಡಕ್ಷನ್ ಬಿಟ್ಟು ಇನ್ನೇನಿದೆ ಎಂದು ಅವನು ರೇಗಿದ. ಆಕೆ ಪ್ರೆಸ್ ಒಂದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ದೂರದ ಕಂಪ್ಯೂಟರಿಗೆ ಅಟ್ಟಿದಳು.

ಮರುದಿನ ಚಹಾದ ಹೊತ್ತಿಗೆ ಪ್ರೆಸ್ ಒಂದೇ ಸಮ ಬಡಿಯುತ್ತಿತ್ತು. ಅದನ್ನು ಜೊತೆಗಾರ ಚನ್ನುವಿಗೆ ಒಪ್ಪಿಸಿ, ಮುಖಗಳ ಪಾಡೇನಾಯಿತೋ ನೋಡೋಣವೆಂದು ಕಲ್ಲೇಶ ಗೇಟಿಗೆ ಬಂದ. ಉದ್ದ ಸಾಲು. ಎಲ್ಲರಿಗಿಂತ ಮುಂದೆ ಭೀಮಾಶಂಕರ, ಕ್ಯಾಮೆರಾಕ್ಕೆ ಮುಖ ಒಡ್ಡಿ, ಗೇಟು ತನ್ನ ಗುರುತು ಹಿಡಿಯಲೆಂದು ಕಾಯುತ್ತಿದ್ದ. ಕಣ್ಣಂಚಿನಲ್ಲೇ ಕಲ್ಲೇಶನನ್ನು ಕಂಡ. ಮುಖ ತಿರುಗಿಸಿದರೆ ಗುರುತು ಹಿಡಿಯುವುದು ಮತ್ತೆ ಮೊದಲಿಂದ.

"ಏನ್ ಮಾಡಿ ಬಂದಿಯೋ ಆ ಟವರ್ ಕಡೆ, ಶಾಣ್ಯಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಲ್ಲೇಶ ಒಳಗಿನ ಪ್ರೆಸ್ಸಿನ ಸದ್ದನ್ನು ಒಂದು ಗಳಿಗೆ ಆಲಿಸಿ, ಅದರ ಕಡೆಗೇ ನಡೆದ.