ಯಾವೂರ ನಾಗು?

ಹಿರೇಗುತ್ತಿಯ ದಾರಿಯಲ್ಲಿ ನಿಂತು ‘ನಾಗೂ’ ಎಂದು ಒಮ್ಮೆ ಕೂಗಿ ನೋಡಿ, ನಾಲ್ಕು ಮನೆಗಳಿಂದ ‘ಓ’ ಎಂಬ ಉತ್ತರ ಬರುತ್ತದೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೇ ಇಡಬೇಕು ಎನ್ನುವ ಜನರಲ್ಲಿ ಹೊಸ ಹೆಸರು ಎಲ್ಲಿಂದ ಹುಟ್ಟಬೇಕು? ನಾಗು, ಲಕ್ಕಿ, ದೇವಿ, ಗಂಗೆ, ತಿರುಗಿ ನಾಗು. ಯಾವ ನಾಗು ಎಂದು ಯಾರಾದರೂ ಕೇಳಿದರೆ ಮನೆಯ ಹೆಸರೋ ಊರಿನ ಹೆಸರೋ ಸೇರಿಸಿದರಾಯಿತು. ಮನುಷ್ಯರಿಗೆ ಇದರಿಂದ ಎಂದೂ ತೊಂದರೆ ಆದದ್ದಿಲ್ಲ.

ಆದದ್ದು ಭಾಸ್ಕರನಿಗೆ. ಕುಮಟೆಯ ಒಂದು ಸಹಕಾರಿ ಸಂಘದಲ್ಲಿ ಅವನು ಗುಮಾಸ್ತ. ಭಾನುವಾರ ಬಂತೆಂದರೆ ಟೇಪ್‌ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಭಟ್ಕಳದವರೆಗೂ ಊರೂರು ಸುತ್ತಿ ಹೆಂಗಸರ ಹಾಡು ಹಿಡಿದು ತರುವ ಹುಚ್ಚು ಅವನಿಗೆ. ತಂದ ಹಾಡನ್ನು ಮನೆಯ ಕಂಪ್ಯೂಟರಿಗೆ ತುಂಬಿಸಿ, ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ವಾರ ಇನ್ನೊಬ್ಬಳ ಹಾಡು. ಕಂಪ್ಯೂಟರಿನಲ್ಲಿ ಊರಿಗೊಂದು ಫೋಲ್ಡರ್. ಒಳಗಿನ ಫೈಲಿಗೆ ಹಾಡಿದವಳ ಹೆಸರು ಮತ್ತು ಹಾಡಿನ ಬಗೆ, ಅಷ್ಟೇ. ಹಿರೇಗುತ್ತಿಯ ಫೋಲ್ಡರಿನಲ್ಲಿದ್ದ ‘ನಾಗು ತೊಟ್ಟಿಲು’ ಅವನ ಹೆತ್ತ ತಾಯಿ ಹಾಡಿದ ಜೋಗುಳ. ತಾಯಿ ತೀರಿಕೊಂಡು ವರ್ಷ ಕಳೆದಿತ್ತು. ಆ ಹಾಡನ್ನು ಬಿಟ್ಟರೆ ಅವಳ ದನಿ ಈ ಭೂಮಿಯ ಮೇಲೆ ಬೇರೆಲ್ಲೂ ಉಳಿದಿರಲಿಲ್ಲ.

ಎರಡು ಸಾವಿರದ ಏಳನೇ ಇಸವಿಯಲ್ಲಿ ಮನೆಗೆ ಲ್ಯಾಪ್‌ಟಾಪ್ ಬಂತು. ಹಳೇ ಕಂಪ್ಯೂಟರನ್ನು ಊರಿನ ಯುವಕ ಸಂಘಕ್ಕೆ ಕೊಡುತ್ತೇನೆಂದು ಭಾಸ್ಕರ ಮಾತು ಕೊಟ್ಟಾಗಿತ್ತು. ಸಂಘದ ಯಜಮಾನಿಕೆ ವಹಿಸಿದ್ದ ಲಿಂಗಪ್ಪ ಬಾಗಿಲಲ್ಲಿ ರಿಕ್ಷಾ ನಿಲ್ಲಿಸಿಕೊಂಡು ‘ಆತಾ? ಆತಾ?’ ಎಂದು ಕೂಗುತ್ತಿದ್ದ. ಭಾಸ್ಕರ ಒಂದೊಂದೇ ಊರಿನ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಲ್ಯಾಪ್‌ಟಾಪಿಗೆ ಸುರಿದು, ಮುಂದಿನ ಊರಿಗಾಗಿ ಪೆನ್‌ಡ್ರೈವನ್ನು ಖಾಲಿ ಮಾಡಿದ. ಊರಿಗೊಂದು ಫೋಲ್ಡರ್ ಮತ್ತೆ ಯಾರು ಮಾಡುತ್ತಾರೆ, ಎಲ್ಲವೂ ಹಾಡೇ ತಾನೆ ಎಂದು ಒಂದೇ ಫೋಲ್ಡರಿಗೆ ಸುರಿದ. ಲ್ಯಾಪ್‌ಟಾಪ್ ಪಾಪ, ಕೇಳಿತು: ಇಲ್ಲಿ ಇದೇ ಹೆಸರಿನ ಫೈಲು ಆಗಲೇ ಇದೆ, ಅದನ್ನು ತೆಗೆದು ಇದನ್ನು ಇಡಲೇ? ಓದಿದರೆ ತಾನೆ! ಯಂತ್ರಕ್ಕೆ ಬುದ್ಧಿಯಿದೆ, ಗುಮಾಸ್ತನಿಗಿಲ್ಲ. ಇಡು ಮಾರಾಯ, ಎಲ್ಲವನ್ನೂ ಇಡು ಎಂದು ಒತ್ತಿ, ಹಳೆಯದನ್ನು ರಿಕ್ಷಾ ಹತ್ತಿಸಿ ಕೈ ತೊಳೆದುಕೊಂಡ.

ತಿಂಗಳು ಕಳೆದ ಮೇಲೆ ತಂಗಿ ರೂಪಾಳ ಫೋನು ಬಂತು. ಬಾಣಂತನ ಮಾಡಲು ತವರಲ್ಲಿ ತಾಯಿ ಇಲ್ಲವೆಂದು ಅವಳು ಶಿರಾಲಿಯ ಗಂಡನ ಮನೆಯಲ್ಲೇ ಹೆತ್ತಿದ್ದಳು.

“ಅಣ್ಣಾ, ಬರೂ ಬುಧವಾರ ಕೂಸನ್ನ ತೊಟ್ಟಿಲಿಗೆ ಹಾಕೂದು. ಕಾಗದಕ್ಕೆ ಚಂದನಾ, ಕರೂಕೆ ಅವ್ವಿ ಹೆಸ್ರೇ. ನೀ ಅವ್ವಿ ಹಾಡು ತಕಂಡು ಬಾ. ಅವ್ಳ ದನಿಯಲ್ಲೇ ತೊಟ್ಟಿಲು ತೂಗ್ಬೇಕು. ಬಂಗಾರ ಬೇಡ, ಬಟ್ಟೆ ಬೇಡ, ನಂಗೆ ಅದೊಂದು ಸಾಕು.”

“ಅದೆಂತ ದೊಡ್ಡ ವಿಷ್ಯ!” ಎಂದ ಭಾಸ್ಕರ. ಫೋನಿಟ್ಟು ಹಾಡು ಹಚ್ಚಿದ.

ಹೆಂಗಸೊಬ್ಬಳು ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಡತೊಡಗಿದಳು. ಚಂದವೇ ಇತ್ತು. ಆದರೆ ಎಲ್ಲೋ ಏನೋ ಹೊಂದಲಿಲ್ಲ. ಅವ್ವಿ ಇಷ್ಟು ಎಳೆದು ಹಾಡುತ್ತಿದ್ದಳೇ? ಸಾಯುವ ವರ್ಷದ ಹಾಡು, ಉಬ್ಬಸಕ್ಕೆ ಹೀಗಾಗಿರಬಹುದೇ? ಒಂದು ವರ್ಷಕ್ಕೇ ಹೆತ್ತವಳ ದನಿ ಮರೆತುಹೋಯಿತೇ? ಅವನಿಗೆ ತನ್ನ ಕಿವಿಯ ಮೇಲೇ ಗುಮಾನಿ ಬಂತು. ಹೆಂಡತಿ ರೇಖಾಳನ್ನು ಕರೆದ.

“ಅತ್ತೆದಲ್ಲ ಅಂತ ಕಾಣ್ತದೆ,” ಎಂದಳು ರೇಖಾ. ಇನ್ನೊಮ್ಮೆ ಕೇಳಿ, “ಅಥವಾ ಹೌದನ? ನೀವು ಹೀಂಗೆ ಮುಖ ನೋಡಿದ್ರೆ ನಂಗೂ ಗೊತ್ತಾಗೂದಿಲ್ಲ,” ಎಂದಳು.

ಜಗಲಿಯಲ್ಲಿ ಕೂತಿದ್ದ ಅಪ್ಪ ಚೌಡ ಎದ್ದು ಬಂದ. ನಲವತ್ತು ವರ್ಷ ಸಂಸಾರ ಮಾಡಿದವನು. ಹಾಡು ಕೇಳಿದ, ಮಗನ ಮುಖ ನೋಡಿದ, ಎಲೆಯಡಿಕೆ ಉಗುಳಿ ಬಂದ. “ಅವ್ಳದೇ. ಮತ್ಯಾರ್ದು?” ಎಂದು ಹೇಳಿ ಜಗಲಿಗೆ ಹೋದ.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಭಾಸ್ಕರ ಬಿಡಲಿಲ್ಲ. ‘ದೇವಿ ಬೀಸುವ ಹಾಡು’ ಎಂಬುದನ್ನು ತೆಗೆದು ನೋಡಿದ. ಬೀಸುವ ಹಾಡನ್ನು ಅವನು ಬೇರೆ ಬೇರೆ ಊರಿನ ಮೂವರು ದೇವಿಯರಿಂದ ಹಾಡಿಸಿದ್ದ. ಈಗ ಇದ್ದವಳು ಒಬ್ಬಳೇ. ಗಂಗೆಯೂ ಒಬ್ಬಳು. ಲಕ್ಕಿಯೂ ಒಬ್ಬಳು. ಅಂದು ಲ್ಯಾಪ್‌ಟಾಪ್ ಏನು ಕೇಳಿತ್ತು ಎಂಬುದು ಆಗ ತಲೆಗೆ ಹೊಳೆಯಿತು. ತೊಟ್ಟಿಲ ಹಾಡು ಹೇಳಿದ ನಾಗುಗಳು ಹಿರೇಗುತ್ತಿ, ಜಾಲಿ, ಶಿರಾಲಿ ಮೂರೂ ಕಡೆ ಇದ್ದರು. ಯಾವ ಊರನ್ನು ಕೊನೆಗೆ ಸುರಿದೆ? ನೆನಪಾಗಲಿಲ್ಲ. ಕೊನೆಗೆ ಬಂದ ನಾಗು ಮೊದಲಿನವರನ್ನು ಹೊರಗೆ ಹಾಕಿ ಕೂತಿದ್ದಾಳೆ. ಅವಳು ಅವ್ವಿಯೂ ಆಗಿರಬಹುದಲ್ಲ? ಅಪ್ಪ ಹೇಳುತ್ತಾನಲ್ಲ!

ಓಡಿದ ಲಿಂಗಪ್ಪನ ಹತ್ತಿರ.

“ನಿನ್ನ ಕಂಪ್ಯೂಟರಾ? ಎಲ್ಲಾ ಅಳಿಸಿ, ಚೊಕ್ಕ ಮಾಡಿ ಹೊಸದಾಗೇ ತುಂಬಿಸಿದ್ದೆ ಮಾರಾಯ. ಈಗ ಒಂದು ಚೂರೂ ಕಸ ಇಲ್ಲ!” ಲಿಂಗಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಭಾಸ್ಕರನಿಗೆ ಅವನ ಕೆನ್ನೆಗೆ ಬಾರಿಸುವ ಹಾಗೂ ಇಲ್ಲ, ಕಾಲಿಗೆ ಬೀಳುವ ಹಾಗೂ ಇಲ್ಲ. ಚಾ ಕುಡಿದು ಬಂದ.

ಬುಧವಾರ ಬಂತು. ಕುಮಟೆಯಲ್ಲಿ ಬಸ್ಸು ಹತ್ತಿದವನು ಹೊನ್ನಾವರ ಬರುವುದರೊಳಗೆ ರೂಪಾಳಿಗೆ ಹೇಳಿಬಿಡುವುದೆಂದು ನಿರ್ಧರಿಸಿದ. ಸೇತುವೆ ದಾಟುವಾಗ ಬೇಡವೆನಿಸಿತು. ನಲವತ್ತು ವರ್ಷ ಕೇಳಿದ ಕಿವಿಗಿಂತ ನನ್ನ ಕಿವಿ ದೊಡ್ಡದೇ? ಪಕ್ಕದಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. “ಅಪ್ಪಾ, ಖರೇ ಹೇಳು, ಅದು ಅವ್ವಿನೇ ಅಲ್ದಾ?” ಎಂದ. “ಎಷ್ಟು ಸಲ ಕೇಳ್ತೆ?” ಎಂದು ಚೌಡ ರೇಗಿದ.

ಶಿರಾಲಿಯ ಮನೆ ತುಂಬ ಹೆಂಗಸರು. ತೊಟ್ಟಿಲ ಹತ್ತಿರ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಕೂಸನ್ನು ಮಲಗಿಸಿ, ಮೂರು ಸಲ ಕಿವಿಯಲ್ಲಿ ಹೆಸರು ಹೇಳಿದ್ದಾಯಿತು. ರೂಪಾ ತೊಟ್ಟಿಲ ಹಗ್ಗ ಹಿಡಿದು, ಕಣ್ಣು ಮುಚ್ಚಿ, “ಹಚ್ಚು ಅಣ್ಣಾ,” ಎಂದಳು.

ಭಾಸ್ಕರ ಹಚ್ಚಿದ. ಕೆಮ್ಮು ಕೇಳಿತು. ಮೊದಲ ಸೊಲ್ಲು ಮುಗಿಯುವ ಮೊದಲೇ ಬಾಗಿಲ ಹತ್ತಿರ ಕೂತಿದ್ದ ಮುದುಕಿಯೊಬ್ಬಳು ತೊಡೆ ತಟ್ಟಿಕೊಂಡು ನಕ್ಕಳು.

“ಅಯ್ಯಯ್ಯೋ! ಇದು ನಾನಲ್ದನೇ! ನನ್ನ ಕೆಮ್ಮು ನಂಗೆ ಗೊತ್ತಿಲ್ದಾ!”

ಶಿರಾಲಿ ನಾಗು, ರೂಪಾಳ ನೆರೆಮನೆಯವಳು. ಹೆಂಗಸರೆಲ್ಲ ಹೋ ಎಂದು ನಕ್ಕರು. ರೂಪಾ ಕಣ್ಣು ತೆರೆದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

“ಅವ್ವಿದು ಎಲ್ಲದೆ?”

“ಹೋತು ರೂಪಾ,” ಎಂದ ಭಾಸ್ಕರ. “ನಾನೇ ಅಳಿಸ್ದೆ. ಗೊತ್ತಾಗ್ದೆ ಅಳಿಸ್ದೆ. ಎಲ್ಲೂ ಇಲ್ಲ.”

  ರೂಪಾ ಲ್ಯಾಪ್‌ಟಾಪಿನ ಮುಚ್ಚಳವನ್ನು ತಾನೇ ಮಡಚಿ, ತೊಟ್ಟಿಲು ತೂಗುತ್ತ ಬಾಯಿಬಿಟ್ಟು ಹಾಡತೊಡಗಿದಳು.

“ಅಳಬೇಡ ನನ ಬಾಲೆ, ಹೊಳೆಯಾಚೆ ಗದ್ದೇಲಿ
ತೆನೆ ಬಾಗಿ ದಾರಿ ನೋಡ್ತದೆ...”

ಅಷ್ಟಕ್ಕೇ ನಿಂತಿತು. ಮುಂದಿನದು ಬರಲಿಲ್ಲ. ಮತ್ತೆ ಮೊದಲಿಂದ ಹೇಳಿದಳು, ಅಲ್ಲೇ ನಿಂತಿತು. ಶಿರಾಲಿ ನಾಗು ಏನೋ ಒಂದು ಸೊಲ್ಲು ಸೇರಿಸಿಕೊಟ್ಟಳು. “ಅದಲ್ಲ ಅಮಾ, ನಮ್ಮ ಅವ್ವಿದು ಹಾಂಗಲ್ಲ,” ಎಂದು ರೂಪಾ ಕಣ್ಣೊರೆಸಿಕೊಂಡಳು. ಊರೂರಿನ ಹಾಡು ಹಿಡಿದ ಭಾಸ್ಕರನಿಗೆ ಒಂದಕ್ಷರವೂ ನೆನಪಿರಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಅವನು ಯಾವತ್ತೂ ಕಿವಿಗೊಟ್ಟು ಕೇಳಿದ್ದೇ ಇಲ್ಲ.

ಆಗ ಜಗಲಿಯಿಂದ ಒಂದು ಗಂಡು ದನಿ ಬಂತು. ರಾಗವಿಲ್ಲ, ತಾಳವಿಲ್ಲ, ಎತ್ತಿಗೆ ಹೇಳಿದಂತೆ.

“ತೆನೆ ಬಾಗಿ ದಾರಿ ನೋಡ್ತದೆ, ನಿನ್ನಪ್ಪ
ಕೆಸರ್ಗಾಲು ತೊಳೆದು ಬರ್ತಾನೆ.”

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ತೊಟ್ಟಿಲ ಹಾಡು ಗಂಡಸು ಹೇಳುವುದುಂಟೇ! ಚೌಡ ಬಾಗಿಲಿಗೆ ಬಂದು ನಿಂತ, ನಾಚಿಕೆಯಿಂದ ಕಿವಿಯೆಲ್ಲ ಕೆಂಪು. “ಗದ್ದೆಯಿಂದ ಬಂದು ಬಾವಿಕಟ್ಟೆ ಮೇಲೆ ಕಾಲು ತೊಳೂವಾಗ ದಿನಾ ಕೇಳ್ತಿದ್ದೆ. ನನ್ನ ಕಂಡೇ ಅದನ್ನ ಗಟ್ಟಿಯಾಗಿ ಹೇಳ್ತಿತ್ತು ನಿಮ್ಮ ಅವ್ವಿ,” ಎಂದ. ಮುಂದಿನ ಸೊಲ್ಲನ್ನೂ ಹೇಳಿದ. ರೂಪಾ ಅಳುತ್ತಲೇ ಅದನ್ನು ರಾಗಕ್ಕೆ ಕೂರಿಸಿದಳು. ಶಿರಾಲಿ ನಾಗು ಅವಳ ಹಿಂದಿನಿಂದ ಎಳೆದು ಹಾಡಿದಳು.

ಭಾಸ್ಕರ ಅಪ್ಪನ ಪಕ್ಕಕ್ಕೆ ಸರಿದ. “ಹಾಂಗಾದ್ರೆ ಆವತ್ತು ಮನೇಲಿ ಅವ್ವಿದೇ ಅಂದದ್ದು ಎಂತಕ್ಕೆ?”

“ಅದು ಅವ್ಳಲ್ಲ ಅಂತ ಹಾಡೂಕೆ ಬಾಯಿ ತೆಗೂಕೂ ಮೊದ್ಲೇ, ಕೆಮ್ಮಿಗೇ ಗೊತ್ತಾತು ಮಗಾ,” ಎಂದ ಚೌಡ ಮೆಲ್ಲಗೆ. “ನಿನ್ನ ಮುಖ ನೋಡೂಕೆ ಆಗ್ಲಿಲ್ಲ.”