ಸಂಡಿಗೆಯ ಟೇಪು

ಮೇಲಿನ ಗಾಜಿನ ಬುಡ್ಡಿಯಿಂದ ಕೆಳಗಿನದಕ್ಕೆ ರವೆ ಸುರಿಯುತ್ತಿತ್ತು. ಮರಳು ಹಾಕಿದರೆ ಬೆಳಕಿಗೆ ಎದ್ದು ಕಾಣುವುದಿಲ್ಲವೆಂದು ಚಿರೋಟಿ ರವೆ ತುಂಬಿಸಿದ್ದರಂತೆ.

ನಮ್ಮೂರ ಟೆಲಿವಿಷನ್ ಕೇಂದ್ರದ ಆ ರಸಪ್ರಶ್ನೆಯ ಹೆಸರು ‘ಕಾಲ ಕಾಯ್ದವರು’. ಕೇಂದ್ರದಲ್ಲಿ ಟೇಪುಗಳಿಗೆ ಬರ. ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ತುಂಬುತ್ತಿದ್ದರು. ಅಳಿಸುವ ಮುನ್ನ, ಯಾವುದಾದರೂ ಟೇಪು ಉಳಿಯಬೇಕೆನ್ನುವವರು ಬಂದು ಸ್ಪರ್ಧಿಸಬಹುದಿತ್ತು. ಸ್ಪರ್ಧಿಗೊಂದು ಬುಡ್ಡಿಜೋಡಿ; ಸರಿಯುತ್ತರ ಕೊಟ್ಟೊಡನೆ ಅವರ ರವೆ ನಿಲ್ಲುತ್ತಿತ್ತು. ಗೆದ್ದವರ ಬುಡ್ಡಿಯಲ್ಲಿ ಎಷ್ಟು ಹೊತ್ತಿನ ರವೆ ಮಿಕ್ಕಿತೋ, ಅವರ ಟೇಪಿನಲ್ಲಿ ಅಷ್ಟು ಹೊತ್ತಿನ ಭಾಗವನ್ನು ಅಳಿಸದೆ ಉಳಿಸುತ್ತಿದ್ದರು.

ನನಗೆ ಬೇಕಿದ್ದದ್ದು ಮಹಿಳೆಯರ ಕಾರ್ಯಕ್ರಮದ ಒಂದು ಹಳೆಯ ಕಂತು. ಅದರಲ್ಲಿ ನನ್ನ ತಾಯಿ ವನಮಾಲ ಅಕ್ಕಿ ಸಂಡಿಗೆ ಮಾಡಿ ತೋರಿಸಿದ್ದಳಂತೆ. ನನ್ನನ್ನು ಹೆತ್ತು, ಬಾಣಂತನದಲ್ಲೇ ಆಕೆ ತೀರಿಕೊಂಡಳು. ಮನೆಯಲ್ಲಿದ್ದ ಒಂದೇ ಮದುವೆಯ ಫೋಟೋದಲ್ಲಿ ಬಾಸಿಂಗವೂ ತಗ್ಗಿಸಿದ ತಲೆಯೂ ಸೇರಿ ಮುಖವೇ ಕಾಣದು. ನನ್ನ ಮಗಳು ಯಾರ ಹೋಲಿಕೆ ಎಂದು ಯಾರಾದರೂ ಕೇಳಿದರೆ ಆ ಫೋಟೋವನ್ನೇ ಮತ್ತೆ ತೆಗೆದು ನೋಡುತ್ತಿದ್ದೆ.

ನನ್ನನ್ನು ಸಾಕಿದ ಪದ್ದು ಚಿಕ್ಕಮ್ಮನಿಗೆ ನಾನು ಹೋಗುವುದು ಇಷ್ಟವಿರಲಿಲ್ಲ. “ಆ ಹಳೇ ಟೇಪಲ್ಲಿ ಏನಿದೆ ಮಹಾ?” ಎಂದಳು. ಆದರೂ ಬಂದು ಮುಂದಿನ ಸಾಲಿನಲ್ಲಿ ಕೂತಳು.

ಎದುರಾಳಿ ನಿವೃತ್ತ ಡ್ರಿಲ್ ಮಾಸ್ತರರು. ತಾವು ಆಡಿದ್ದ ಕಬಡ್ಡಿ ಪಂದ್ಯ ಉಳಿಸಿಕೊಳ್ಳಲು ಬಂದಿದ್ದರು. “ಇನ್ನೊಂದ್ಸಲ ಹೇಳಿ ಸ್ವಾಮಿ” ಎನ್ನುವಷ್ಟರಲ್ಲಿ ಅವರ ರವೆಯೆಲ್ಲ ಕೆಳಗೆ.

“ಮಾಸ್ತರೇ, ಕೇಸರಿಬಾತಿಗಾಯ್ತು ಬಿಡಿ!” ಎಂದ ನಿರೂಪಕ. ಮಾಸ್ತರರೇ ಎಲ್ಲರಿಗಿಂತ ಜೋರಾಗಿ ನಕ್ಕರು. ನನ್ನ ಬುಡ್ಡಿಯಲ್ಲಿ ಒಂದು ಹಿಡಿ ಉಳಿದಿತ್ತು.

“ಎಲ್ಲಿಂದ ಉಳಿಸ್ಬೇಕೋ ಅಲ್ಲಿ ಕೈ ಎತ್ತಿ” ಎಂದು ನಿರೂಪಕ ಟೇಪು ಹಾಕಿಸಿದ. ‘ಶ್ರೀಮತಿ ವನಮಾಲ’ ಎಂಬ ಅಕ್ಷರ ಮೂಡಿತು. ಒಲೆಯ ಮುಂದೆ ನಿಂತಿದ್ದವಳು ಪದ್ದು ಚಿಕ್ಕಮ್ಮ. ತೆಳ್ಳಗಿದ್ದಳು, ಹುಡುಗಿಯಾಗಿದ್ದಳು, ಆದರೆ ಅವಳೇ.

“ನಿಮ್ಮ ತಾಯಿ ಎಷ್ಟು ಲಕ್ಷಣವಾಗಿದ್ದಾರೆ!” ಎಂದು ನಿರೂಪಕ ಚಪ್ಪಾಳೆ ಹೊಡೆಸಿದ.

ಹಾಗಾದರೆ ಇಷ್ಟು ವರ್ಷ ನಾನು ಚಿಕ್ಕಮ್ಮ ಎಂದು ಕರೆದದ್ದು ಯಾರನ್ನು? ಸತ್ತವಳು ಯಾರು? ವೇದಿಕೆ ಇಳಿದು ಅವಳ ಬಳಿಗೆ ಓಡಿದೆ.

“ಇದು ನೀನಲ್ವಾ?”

“ಹೂಂ ಕಣೇ. ಅಕ್ಕ ಆಗ ತುಂಬು ಬಸುರಿ. ಊರೆಲ್ಲ ನೋಡೋ ಪೆಟ್ಟಿಗೇಲಿ ನಿಂತ್ರೆ ದೃಷ್ಟಿ ಆಗತ್ತೆ ಅಂತ ನಿಮ್ಮಜ್ಜಿ ಬಿಡ್ಲಿಲ್ಲ. ಅವರು ಕರೆದಿದ್ದು ಅಕ್ಕನ್ನ, ಅದಕ್ಕೇ ಅವಳ ಹೆಸರಲ್ಲೇ ನಾನು ನಿಂತೆ. ಆಮೇಲೆ ನೀನು ‘ನಮ್ಮಮ್ಮ ಟೀವೀಲಿ ಬಂದಿದ್ಲು’ ಅಂತ ಬೀದಿಗೆಲ್ಲ ಹೇಳ್ಕೊಂಡು ಬರ್ತಿದ್ದೆ. ಹ್ಯಾಗೆ ಅಲ್ಲ ಅನ್ಲಿ?”

“ಹಾಗಾದ್ರೆ ಅವಳು ಇದರಲ್ಲಿ ಇಲ್ವೇ ಇಲ್ವಾ?”

“ಸುಮ್ನೆ ನೋಡ್ತಿರು” ಎಂದು ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಳು. “ಅಕ್ಕ ಕ್ಯಾಮರಾ ಪಕ್ಕ ನಿಂತು ನನ್ನ ಬಯ್ತಾನೇ ಇದ್ಲು.”

ತೆರೆಯ ಮೇಲಿನ ಹುಡುಗಿ ಗಾಬರಿಯಲ್ಲಿ ಹಿಟ್ಟನ್ನು ಗಂಟು ಕಟ್ಟಿಸಿಬಿಟ್ಟಳು. ಆಚೆಯಿಂದ ಒಂದು ದನಿ ಬಂತು, ತುಸು ಒರಟು, ನಗು ಅದುಮಿಟ್ಟದ್ದು: “ಅಯ್ಯೋ ಪದ್ದು, ಕೈ ಬಿಡಬೇಡ ಕಣೇ, ತಿರುವು!”

ಚಿಕ್ಕಮ್ಮ ಹಿಡಿದಿದ್ದ ಕೈಯನ್ನೇ ನಾನು ಮೇಲೆತ್ತಿದೆ. ಅವಳ ಕೈಯೂ ಜೊತೆಗೆ ಎದ್ದಿತು.

ಹಸಿರು ಬಳೆ ತುಂಬಿದ ಕೈಯೊಂದು ಚೌಕಟ್ಟಿನೊಳಕ್ಕೆ ಚಾಚಿತು. ಸೌಟು ಕಸಿದುಕೊಂಡು, ಗಂಟೆಲ್ಲ ಒಡೆಯುವವರೆಗೆ ಹಿಟ್ಟು ತಿರುವಿತು. ಆಮೇಲೆ ಸೌಟು ಮರಳಿಸಿ, ಸೆರಗಿಗೆ ಒರೆಸಿಕೊಂಡು, ತೆರೆಯ ಅಂಚಿನಲ್ಲಿ ಉಬ್ಬಿ ನಿಂತಿದ್ದ ಸೀರೆಯ ಮೇಲೆ ಒಂದು ಗಳಿಗೆ ಸುಮ್ಮನೆ ಕೂತಿತು.